ಒಂದೇ ಒಂದು ಉಸಿರು

ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮೇಲೆ ನಾನು ಎಲ್ಲರಿಗೂ ಆಯಮ್ಮ. ಮಗು ಹೊರಗೆ ಬಂದರೆ ಸಿಸ್ಟರ್ ಕೈಯಿಂದ ನೇರ ನನ್ನ ಕೈಗೆ. ಒರೆಸುವುದು, ತೂಕಕ್ಕೆ ಇಡುವುದು, ಕೈಗೆ ಪಟ್ಟಿ ಕಟ್ಟುವುದು, ಬಟ್ಟೆ ಸುತ್ತಿ ಹೊರಗಿನವರಿಗೆ ತೋರಿಸುವುದು ನನ್ನ ಕೆಲಸ. ಅಳುವ ಮಗುವಾದರೆ ಬಾಗಿಲನ್ನು ಕಾಲಲ್ಲಿ ಒದ್ದು ತೆಗೆದು, "ಎಲ್ರಪ್ಪಾ ಅಪ್ಪ ಅನ್ನಿಸ್ಕೊಂಡೋನು?" ಎಂದು ಕೂಗುತ್ತೇನೆ. ಅಳದ ಮಗುವಾದರೆ ಬಾಗಿಲಿಗೆ ಬೆನ್ನು ಕೊಟ್ಟು ಮೆಲ್ಲಗೆ ತಳ್ಳುತ್ತೇನೆ. ಬೆಂಚಿನ ಮೇಲೆ ಕಾದವರಿಗೆ ಬಾಗಿಲು ತೆರೆದ ರೀತಿಯಲ್ಲೇ ವಿಷಯ ತಿಳಿದುಬಿಡುತ್ತದೆ.

ಆ ಮಧ್ಯಾಹ್ನ ಬೆನ್ನು ಕೊಟ್ಟೇ ತಳ್ಳಿದೆ.

ತಾಯಿ ಶೂ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವ ಹುಡುಗಿ. ಒಂಬತ್ತನೇ ತಿಂಗಳಿಗೆ ಬಿದ್ದಿತ್ತು. ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತು. ಸಿಸ್ಟರ್ ಮಗುವಿನ ಬೆನ್ನು ಉಜ್ಜಿದಳು, ಪುಟ್ಟ ಮಾಸ್ಕ್ ಇಟ್ಟು ಗಾಳಿ ಒತ್ತಿದಳು, ಎರಡು ಬೆರಳಲ್ಲಿ ಎದೆ ಅದುಮಿದಳು. ಇಪ್ಪತ್ತು ನಿಮಿಷ ಬಿಡಲಿಲ್ಲ. ಅವಳ ಹಣೆಯ ಬೆವರು ಮಗುವಿನ ಹೊಟ್ಟೆಯ ಮೇಲೆ ಬಿತ್ತು. ಅದು ಮಿಸುಕಲಿಲ್ಲ. ಅಷ್ಟರಲ್ಲಿ ತಾಯಿಗೆ ರಕ್ತ ನಿಲ್ಲದೆ ಪ್ರಜ್ಞೆ ತಪ್ಪಿತು, ಡಾಕ್ಟರು ಅವಳನ್ನು ಆಪರೇಷನ್ ಥಿಯೇಟರಿಗೆ ಸಾಗಿಸಿದರು. ಸಿಸ್ಟರ್ ರಿಜಿಸ್ಟರ್ ಎಳೆದುಕೊಂಡು, "ಗಂಡು, ಹುಟ್ಟುವಾಗಲೇ ಜೀವವಿಲ್ಲ" ಎಂದು ಬರೆದು, ಪೆನ್ನು ಮುಚ್ಚಿ, ಗೋಡೆಯ ಕಡೆ ತಿರುಗಿ ನಿಂತಳು.

ಹೊರಗೆ ಮೂವರಿದ್ದರು. ಮಗುವಿನ ತಂದೆ, ಲಿಫ್ಟ್ ರಿಪೇರಿ ಮಾಡುವವನು. ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದ, ಉಗುರುಗಳ ಸಂದಿಯಲ್ಲಿ ಗ್ರೀಸ್ ಹಾಗೇ ಇತ್ತು. ಅವನ ತಾಯಿ. ಇನ್ನೊಬ್ಬರು ಅವರ ಮತದ ಹಿರಿಯರು. ಎಲ್ಲರೂ ದೊಡ್ಡವರು ಅನ್ನುತ್ತಾರೆ.

ಅವರ ಮತದವರ ಹೆರಿಗೆ ನಮ್ಮಲ್ಲಿ ಎಷ್ಟೋ ಆಗಿದೆ, ಅವರ ನಂಬಿಕೆ ನನಗೆ ಹೊಸದಲ್ಲ. ಮೊದಲ ಮನುಷ್ಯನನ್ನು ದೇವರು ಒದ್ದೆ ಮಣ್ಣಿನಿಂದ ಮಾಡಿ ಮೂಗಿಗೆ ಉಸಿರೂದಿದ, ಆ ಉಸಿರೇ ಆತ್ಮ. ಅಲ್ಲಿಂದ ಮುಂದೆ ಹುಟ್ಟುವವರಿಗೂ ಅದೇ ಕ್ರಮ. ಹೊಟ್ಟೆಯೊಳಗೆ ಬೆಳೆಯುವುದು ಮಣ್ಣು. ಹೊರಬಂದು ಮೊದಲ ಉಸಿರು ಎಳೆದಾಗ ದೇವರ ಬಳಿಯಿದ್ದ ಆತ್ಮ ಒಳಗೆ ಬರುತ್ತದೆ. ಒಂದು ಉಸಿರು ಎಳೆದು ಹೋದ ಕೂಸಿಗೂ ಹೆಸರುಂಟು, ಪ್ರಾರ್ಥನೆಯುಂಟು, ಸಮಾಧಿಯ ಮೇಲೆ ಹೆಸರು ಬರೆದ ಹಲಗೆಯುಂಟು. ಎಳೆಯದಿದ್ದರೆ ಸ್ಮಶಾನದ ಗೋಡೆಯ ಪಕ್ಕ ಒಂದು ಗುಂಡಿ, ಅಷ್ಟೇ. ಅಳುವುದೂ ತಪ್ಪು. ಮಣ್ಣು ಮಣ್ಣಿಗೆ ಹೋದರೆ ಅಳುವುದೇಕೆ ಎನ್ನುತ್ತಾರೆ.

ಇದಕ್ಕೆ ಅವರು ಡಾಕ್ಟರನ್ನು ಕೇಳುವುದಿಲ್ಲ, ಕಾಗದ ನೋಡುವುದಿಲ್ಲ. ಮಗುವನ್ನು ಎತ್ತಿ ಒರೆಸಿದ ಹೆಂಗಸಿನ ಬಾಯಿಮಾತು ಸಾಕು.

ದೊಡ್ಡವರು ಎದ್ದು ನಿಂತು ಕೇಳಿದರು. "ಎತ್ಕೊಂಡಿದ್ದು ನೀವೇ ಏನಮ್ಮಾ?"

"ಹೌದು."

"ಉಸಿರಾಡ್ತಾ?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಳಬಹುದೋ ಬಾರದೋ ಎಂದು ಅವಳು ಕಾಯುತ್ತಿದ್ದಳು. ಮಗುವಿನ ತಂದೆ ನನ್ನ ಕೈಯಲ್ಲಿದ್ದ ಗಂಟನ್ನು ನೋಡಲಾರದೆ ನನ್ನ ಚಪ್ಪಲಿ ನೋಡುತ್ತಿದ್ದ. ಮೂರು ಕೇಜಿಗೆ ಸ್ವಲ್ಪ ಕಮ್ಮಿ ತೂಕದ ಮಗು ನನ್ನ ಮೊಣಕೈ ಮೇಲೆ ಇನ್ನೂ ಬೆಚ್ಚಗಿತ್ತು.

"ಒಂದು," ಎಂದೆ. "ಒಂದೇ ಒಂದು ಉಸಿರು."

ಅಜ್ಜಿ ಗೊಳೋ ಎಂದು ಅತ್ತಳು. ಅವಳ ಮಗ ಗೋಡೆಗೆ ತಲೆ ಆನಿಸಿದ. ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಸಂಜೆಯೊಳಗೆ ಮಗುವಿಗೆ ಹೆಸರಿಟ್ಟು, ಹೂಳಿ, ಹಲಗೆ ನೆಟ್ಟು ಬಂದರು. ತಾಯಿಗೆ ಎಚ್ಚರವಾದದ್ದು ಮರುದಿನ ಬೆಳಿಗ್ಗೆ. ಅವಳು ಮಗುವಿನ ಮುಖ ನೋಡಲೇ ಇಲ್ಲ.

ಆ ವಾರ ಚಹಾದ ಕೋಣೆಯಲ್ಲಿ ಆತ್ಮದ ಮಾತು ಬಂತು. ನೆಲ ಒರೆಸುವವಳು, "ನಮ್ಮಲ್ಲಿ ನಾಲ್ಕನೇ ತಿಂಗಳಿಗೇ ಆತ್ಮ ಬಂದ್ಬಿಡತ್ತಪ್ಪ" ಎಂದಳು.

ಅಡುಗೆಯವಳು ಬಿಡಲಿಲ್ಲ. "ನಮ್ಮಲ್ಲಿ ಅದಕ್ಕೂ ಮುಂಚೆ. ಮೇಲೆ ಕೂತು, ಇಂಥ ಅಪ್ಪ ಇಂಥ ಅಮ್ಮ ಬೇಕು ಅಂತ ಆರಿಸ್ಕೊಂಡು ಬರತ್ತೆ."

"ನನ್ನ ಗಂಡನ್ನ ನೋಡಿಯೂ ಆರಿಸ್ಕೊಂಡ್ವಾ ನನ್ನ ಮೂರು ಮಕ್ಕಳೂ?" ಎಂದಳು ನೆಲ ಒರೆಸುವವಳು. "ಕುರುಡು ಆತ್ಮಗಳು ಕಣೇ!"

ಎಲ್ಲರೂ ನಕ್ಕರು. ಸಿಸ್ಟರ್ ಲೋಟ ತೊಳೆಯುತ್ತ, "ನನ್ನ ರಿಜಿಸ್ಟರ್‌ನಲ್ಲಿ ಆತ್ಮಕ್ಕೆ ಕಾಲಂ ಇಲ್ಲ. ಇದ್ದಿದ್ರೆ ಅದನ್ನೂ ನಾನೇ ತುಂಬ್ಬೇಕಿತ್ತು" ಎಂದಳು. ಮೂವತ್ತು ದಾಟದ ಹುಡುಗಿ, ಮಾತು ಖಾರ. ನನ್ನ ಮಗಳಾಗಿದ್ದರೆ ಕಿವಿ ಹಿಂಡುತ್ತಿದ್ದೆ, ಒಳಗೊಳಗೆ ಹೆಮ್ಮೆಯನ್ನೂ ಪಡುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಲಿಫ್ಟಿನವನು ಸೂಪರಿಂಟೆಂಡೆಂಟರಿಗೆ ದೂರು ಕೊಟ್ಟ. ಜಗಳಗಂಟನಲ್ಲ ಅವನು. ಅವನ ಕೆಲಸವೇ ಹಾಗೆ: ಲಿಫ್ಟ್ ಸುಮ್ಮಸುಮ್ಮನೆ ನಿಲ್ಲುವುದಿಲ್ಲ, ಹುಡುಕಿದರೆ ಕಾರಣ ಸಿಗುತ್ತದೆ. ಮಗು ಉಸಿರಾಡಿತ್ತು. ಆಮೇಲೆ ನಿಂತಿತು. ಯಾಕೆ ನಿಂತಿತು? ಆಗ ಯಾರ ಕೈಯಲ್ಲಿತ್ತು? ಉಸಿರಾಡಿದ ಮಗುವನ್ನು, ತಮಗೆ ಕೊಟ್ಟ ಆಸ್ಪತ್ರೆಯ ಕಾಗದದಲ್ಲಿ ಹುಟ್ಟುವಾಗಲೇ ಜೀವವಿಲ್ಲ ಎಂದು ಬರೆದದ್ದು ಏನನ್ನು ಮುಚ್ಚಿಹಾಕಲು? ಒಂದು ಹಾಳೆಯಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆದಿದ್ದ. ಕೊನೆಗೆ ಸಾಕ್ಷಿ: ಆಯಾ.

ಆತ್ಮ ಕೊಟ್ಟೆ ಅಂದುಕೊಂಡಿದ್ದೆ. ಅದರ ಜೊತೆಗೆ ಒಂದು ಸಾವನ್ನೂ ಕೊಟ್ಟಿದ್ದೆ. ಮಣ್ಣು ಸಾಯುವುದಿಲ್ಲ, ಬದುಕಿದ್ದವರು ಸಾಯುತ್ತಾರೆ, ಸತ್ತರೆ ಯಾರಾದರೂ ಉತ್ತರ ಹೇಳಬೇಕು. ಇಷ್ಟು ವರ್ಷ ಪಳಗಿದ ನನಗೆ ಇದು ಹೊಳೆಯದೇ ಹೋಯಿತು.

ಸಿಸ್ಟರನ್ನು ಅಂದೇ ಕೆಲಸದಿಂದ ದೂರ ಇಟ್ಟರು, ಸೋಮವಾರ ವಿಚಾರಣೆ ಎಂದರು. ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೀರುವಿನ ಬೀಗ ತೆಗೆಯಲಾಗದೆ ತಿರುಚುತ್ತಿದ್ದಳು.

"ನೀವೇನು ಹೇಳಿದ್ರಿ ಅವ್ರಿಗೆ, ಆಯಮ್ಮ?"

"ಸಮಾಧಾನಕ್ಕೆ ಅಂತ..."

"ನಾನು ಇಪ್ಪತ್ತು ನಿಮಿಷ ಅದರ ಬಾಯಿಗೆ ಗಾಳಿ ಒತ್ತಿದೀನಿ. ನೀವು ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ ಕಣಮ್ಮಾ."

"ಉಸಿರಾಡ್ತಾ?"

"ಇಲ್ಲ."

"ಸೋಮವಾರ ಇದನ್ನೇ ಹೇಳ್ತೀರಾ?"

ನಾನು ಕೂಡಲೇ ಹೂಂ ಎನ್ನಲಿಲ್ಲ. ಆ ಹಲಗೆ ಕಣ್ಣ ಮುಂದೆ ಬಂತು. ಸಿಸ್ಟರ್ ಬೀಗವನ್ನು ಹಾಗೇ ಬಿಟ್ಟು, ನನ್ನ ಪಕ್ಕದಿಂದ ಸರಿದು ಹೊರಟುಹೋದಳು.

ಭಾನುವಾರ ದೊಡ್ಡವರ ಮನೆ ಹುಡುಕಿಕೊಂಡು ಹೋದೆ. ಹಳೆ ಕಟ್ಟಡದ ಮೂರನೇ ಮಹಡಿ. ಅವರು ಕಿಟಕಿಯ ಹತ್ತಿರ ಕುಳಿತು ಷರ್ಟಿಗೆ ಗುಂಡಿ ಹೊಲಿಯುತ್ತಿದ್ದರು. ಕೂರಲು ಹೇಳಿದರು. ನಾನು ನಿಂತೇ ಇದ್ದೆ.

"ಸ್ವಾಮೀ, ಸಾಕ್ಷಿ ಹೇಳಿದ ಹೆಂಗಸು ಆ ಮಾತನ್ನ ವಾಪಸ್ ತಗೊಂಡ್ರೆ ಏನಾಗತ್ತೆ?"

ಅವರು ಸೂಜಿ ಕೆಳಗಿಟ್ಟರು. "ಹೆಸರು ಹೋಗತ್ತೆ. ಹಲಗೆ ಕೀಳ್ಬೇಕಾಗತ್ತೆ. ನಿಯಮ ನಂದಲ್ಲ."

"ಹಾಗಾದ್ರೆ ನಾನು ಒಂದು ವಿಷಯ..."

"ಬೇಡಮ್ಮಾ." ಅವರು ಕೈ ಅಡ್ಡ ಹಿಡಿದರು. "ನಂಗೆ ಹೇಳ್ಬೇಡಿ. ಮೂವತ್ತು ವರ್ಷದಿಂದ ಆಸ್ಪತ್ರೆ ಬಾಗಿಲಲ್ಲಿ ಕೇಳ್ತಿದೀನಿ. ಎಲ್ಲ ಆಯಾಗಳೂ ಒಂದೇ ಉಸಿರು ಅಂತಾರೆ. ಎರಡು ಅಂದೋರು ಒಬ್ರೂ ಇಲ್ಲ. ನಂಗೇನು ಲೆಕ್ಕ ಬರಲ್ವಾ?"

ಅವರು ಷರ್ಟನ್ನು ಮತ್ತೆ ಕೈಗೆತ್ತಿಕೊಂಡರು.

"ನಾನು ಕೇಳೋದು ಅವ್ರು ಅಳಲಿ ಅಂತ," ಎಂದರು ಅವರು. "ಕಿವಿಗೆ ಬಿದ್ರೆ ಮಾತ್ರ ನಿಯಮ ನಡೆಸ್ಲೇಬೇಕು. ಬೀಳಿಸ್ಬೇಡಿ."

"ಒಬ್ಬ ಹುಡುಗಿ ಕೆಲಸ ಹೋಗತ್ತೆ ಸ್ವಾಮೀ. ಮಗು ಸಾಯಿಸಿದವಳು ಅನ್ನೋ ಹೆಸರು ಬರತ್ತೆ."

ಅವರು ಷರ್ಟನ್ನು ತೊಡೆಯ ಮೇಲೆ ಇಳಿಸಿದರು. "ಹಾಗಾದ್ರೆ ನೀವು ಮೊದ್ಲೇ ತೀರ್ಮಾನ ಮಾಡ್ಕೊಂಡೇ ಬಂದಿದೀರಿ," ಎಂದರು. ಸೂಜಿಗೆ ದಾರ ಪೋಣಿಸಲು ಹೋದರು, ಪೋಣಿಸಲಾಗಲಿಲ್ಲ. ನಾನೇ ಪೋಣಿಸಿಕೊಟ್ಟು ಬಂದೆ.

ಸೋಮವಾರ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಲಿಫ್ಟಿನವನು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಒಬ್ಬನೇ ಬಂದಿದ್ದ. ಸಿಸ್ಟರ್ ಕಿಟಕಿಯ ಪಕ್ಕ ನಿಂತಿದ್ದಳು. ಸೂಪರಿಂಟೆಂಡೆಂಟರು ಕೇಳಿದ್ದಕ್ಕೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಗು ಉಸಿರಾಡಲಿಲ್ಲ. ಸಿಸ್ಟರ್ ಇಪ್ಪತ್ತು ನಿಮಿಷ ಕೈಬಿಡಲಿಲ್ಲ. ಬಾಗಿಲಲ್ಲಿ ನಾನು ಹೇಳಿದ್ದು ಸುಳ್ಳು.

ಲಿಫ್ಟಿನವನು ನನ್ನ ಮೇಲೆ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಲಿಲ್ಲ. "ಒಂದೂ ಇಲ್ವಾ?" ಎಂದು ಕೇಳಿದ.

"ಇಲ್ಲಪ್ಪಾ."

"ಅರ್ಧ?"

ನಾನು ತಲೆ ತಗ್ಗಿಸಿದೆ. ಅವನು ದೂರಿನ ಹಾಳೆಯನ್ನು ಕೇಳಿ ಪಡೆದು, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಸಿಸ್ಟರ್ ಕಡೆ ತಿರುಗಿ, "ತಪ್ಪಾಯ್ತು" ಎಂದ. ಅವಳು ಅಳುತ್ತಿದ್ದಳೋ ಏನೋ, ಬೆನ್ನು ಮಾತ್ರ ಕಾಣುತ್ತಿತ್ತು.

ಅವನು ದೊಡ್ಡವರಿಗೆ ಹೇಳದೇ ಇರಬಹುದಿತ್ತು. ನಾನಾಗಿದ್ದರೆ ಹೇಳುತ್ತಿರಲಿಲ್ಲ. ಆದರೆ ಲಿಫ್ಟಿನ ಕೆಟ್ಟ ಭಾಗ ಸರಿಯಾಗಿದೆ ಎಂದು ಸಹಿ ಹಾಕುವ ಜಾಯಮಾನದವನಲ್ಲ ಅವನು. ಅಂದೇ ಹೋಗಿ ಹೇಳಿದನಂತೆ. ಹಲಗೆಯನ್ನು ಅವನೇ ಕಿತ್ತನಂತೆ, ಬೇರೆಯವರಿಗೆ ಕೈ ಹಾಕಗೊಡಲಿಲ್ಲವಂತೆ. ಸಣ್ಣ ಗುಂಡಿಯನ್ನೂ ಅಗೆದು, ಇದ್ದದ್ದನ್ನು ಗೋಡೆಯ ಪಕ್ಕಕ್ಕೆ ಸಾಗಿಸಿದರು ಎಂದು ಅಡುಗೆಯವಳು ಕೇಳಿಕೊಂಡು ಬಂದು ಹೇಳಿದಳು.

ಸಿಸ್ಟರ್ ಮತ್ತೆ ಕೆಲಸಕ್ಕೆ ಬಂದಳು. ನನ್ನನ್ನು ಹೆರಿಗೆ ಕೋಣೆಯಿಂದ ತೆಗೆದು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ನ್ಯಾಯವೇ. ಕಲೆಯಾದ ಹಾಸು ಒಂದು ಕಡೆ, ಬರೀ ಮಾಸಿದ್ದು ಒಂದು ಕಡೆ; ಬೇರ್ಪಡಿಸಿ ಯಂತ್ರಕ್ಕೆ ತುಂಬುವುದು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಹತ್ತು ದಿನದ ಮೇಲೆ ಆ ತಾಯಿ ಅಲ್ಲಿಗೆ ಇಳಿದು ಬಂದಳು. ಬಿಳುಚಿಕೊಂಡಿದ್ದಳು. ಬಯ್ಯಲು ಬಂದಿದ್ದಾಳೆ ಎಂದು ಕೈ ಒರೆಸಿಕೊಂಡು ನಿಂತೆ. ಅವಳು ಒಗೆದ ಹಾಸುಗಳ ಗಂಟಿನ ಮೇಲೆ ಕುಳಿತಳು.

"ಒದೀತಿದ್ದ," ಎಂದಳು. "ಹೊಲಿಗೆ ಮೆಷಿನ್ ಸದ್ದಿಗೆ ಒದೀತಿದ್ದ. ನಾನು ಪೆಡಲ್ ನಿಲ್ಲಿಸಿದ್ರೆ ಅವನೂ ನಿಲ್ಲಿಸ್ತಿದ್ದ. ಅದು ಯಾರು ಒದ್ದಿದ್ದು, ಆಯಮ್ಮ? ಮಣ್ಣು ಒದೆಯತ್ತಾ?"

ಅಡುಗೆಯವಳ ಮಾತು ನಾಲಿಗೆಯ ತುದಿಗೆ ಬಂತು: ಮೇಲೆ ಕೂತು ನಿನ್ನನ್ನೇ ಆರಿಸಿಕೊಂಡಿದ್ದ, ಕಾಯುತ್ತಿದ್ದಾನೆ, ಮತ್ತೆ ಬರುತ್ತಾನೆ. ಹೇಳುವುದು ಸುಲಭವಿತ್ತು. ನಾಲಿಗೆ ಕಚ್ಚಿಕೊಂಡೆ.

"ನಂಗೊತ್ತಿಲ್ಲ ಕಣಮ್ಮಾ."

"ಅವನಪ್ಪ ಮುಖ ನೋಡ್ಲಿಲ್ವಂತೆ. ಅತ್ತೆ ಕಣ್ಣಲ್ಲಿ ಬರೀ ನೀರಿತ್ತಂತೆ. ನೋಡಿದ್ದು ನೀವೇ. ಹೇಗಿದ್ದ?"

ಇದಾದರೂ ಕೊಡಬಲ್ಲೆ ಎನಿಸಿತು. ಅವಳ ಪಕ್ಕ ಕುಳಿತೆ. "ತಲೆ ತುಂಬ ಕೂದ್ಲು, ಹಿಂದೆ ಒಂದು ಸುಳಿ. ಬೆರಳು ಉದ್ದ. ಬಲಗಿವಿ ತುದಿ ಸ್ವಲ್ಪ ಮಡಚಿತ್ತು. ತುಟಿ ನಿಂದೇ, ಈ ಮೇಲಿಂದು."

ಅವಳು ಕೈಯನ್ನು ತನ್ನ ಮೇಲ್ದುಟಿಗೆ ಒಯ್ದಳು. ಅರ್ಧಕ್ಕೇ ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು, ಗಿರಾಕಿ ಹೊಲಿಗೆ ಬಿಟ್ಟಿದೆಯೇ ಎಂದು ಶೂ ತಿರುಗಿಸಿ ನೋಡುವ ಹಾಗೆ.

"ನಿಜಾನಾ? ಇಲ್ಲಾ ಇದೂ ಸಮಾಧಾನಕ್ಕಾ?"

"ನಿಜ ಕಣಮ್ಮಾ. ನನ್ನ ಮಕ್ಕಳಾಣೆ."

"ಅವತ್ತೂ ಹೀಗೇ ಹೇಳಿದ್ರಂತೆ. ಇದೇ ದನೀಲಿ."

ಅವತ್ತು ನಾನು ಆಣೆ ಇಟ್ಟಿರಲಿಲ್ಲ. ಆದರೆ ಅದನ್ನು ಹೇಳಿ ಏನು ಪ್ರಯೋಜನ? ಪಕ್ಕದ ಯಂತ್ರ ಜೋರಾಗಿ ತಿರುಗತೊಡಗಿತು.

"ಸಿಸ್ಟರ್‌ನ ಕೇಳು," ಎಂದೆ. "ಮೇಲೆ ಇದಾಳೆ, ಎರಡು ಗಂಟೆ ತನಕ ಡ್ಯೂಟಿ. ಅವಳು ನನಗಿಂತ ಹತ್ತಿರದಿಂದ ನೋಡಿದಾಳೆ. ಅವಳು ಸುಳ್ಳು ಹೇಳೋಳಲ್ಲ."

"ಅವ್ರ ಮೇಲೆ ನಾವು ದೂರು ಕೊಟ್ವಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಹೋಗು. ಬೈದ್ರೆ ಬೈಸ್ಕೋ. ಕಿವಿ ವಿಷಯ ಮೊದ್ಲು ಕೇಳು."

ಅವಳು ಗಂಟಿನ ಮೇಲೆ ಕೈಯೂರಿ ಎದ್ದಳು. ಮೆಟ್ಟಿಲ ಹತ್ತಿರ ನಿಂತು, ಮೇಲೆ ನೋಡಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ಜೊತೆಗೆ ಹೋಗಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದರೆ ಸಿಸ್ಟರ್ ಹೇಳುವುದನ್ನೂ ಅವಳು ನಂಬುತ್ತಿರಲಿಲ್ಲ.