ಪುಟಕ್ಕೆ ಇಷ್ಟು

"ಇದನ್ನ ನಾನು ಯಾವಾಗ ಬರೆದೆ?"

ಚಪ್ಪಲಿ ಅಂಗಡಿಯಾತ ವಾರಪತ್ರಿಕೆಯನ್ನು ಟೈಪ್‌ರೈಟರಿನ ಮೇಲೆಯೇ ಹರಡಿ, ಒಂದು ಪ್ಯಾರಾದ ಮೇಲೆ ಬೆರಳಿಟ್ಟು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೀಗದ ಕೈ ಎಲ್ಲಿಟ್ಟೆ ಅಂತ ಹೆಂಡತಿಯನ್ನು ಕೇಳುವವನ ಹಾಗೆ ಕೇಳಿದ, ಅಷ್ಟೇ. ಆದರೂ ಟೈಪ್ ಮಾಡುವವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅದು ಯಾವ ಪ್ಯಾರಾ ಎಂದು ಬಗ್ಗಿ ನೋಡುವ ಅಗತ್ಯ ಅವಳಿಗಿರಲಿಲ್ಲ.

ಪುಣ್ಯಕ್ಕೆ ಮಾವ ಬ್ಯಾಂಕಿಗೆ ಹೋಗಿದ್ದ. ಅಂಗಡಿ ಅವನದು, ಇವಳು ಅವನ ಅಕ್ಕನ ಮಗಳು. ಮಹಡಿ ಮೆಟ್ಟಿಲಿನ ಕೆಳಗಿನ ಇಷ್ಟುದ್ದದ ಜಾಗದಲ್ಲಿ ಎರಡು ಟೈಪ್‌ರೈಟರು, ಗಿರಾಕಿಗಳಿಗೆ ಒಂದು ಬೆಂಚು, ಬಾಗಿಲಿಗೆ ಮುಖ ಮಾಡಿ ಮಾವನ ಕುರ್ಚಿ. ಇವಳ ಮೇಜಿನ ಎದುರು ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಬೋಳು ಗೋಡೆ. ನೋಡುವಂಥದ್ದು ಅಲ್ಲಿ ಏನೇನೂ ಇಲ್ಲ. ಆ ಏನೂ ಇಲ್ಲದ ಗೋಡೆಯೇ ಇವಳನ್ನು ಕೆಡಿಸಿದ್ದು. ಊಟ ಆದಮೇಲೆ ಬಿಸಿಲು ಆ ಗೋಡೆಗೆ ತಿರುಗುತ್ತಿತ್ತು. ಕಣ್ಣು ಪಕ್ಕದ ಹಾಳೆಯ ಮೇಲೆ, ಬೆರಳು ಕೀಲಿಗಳ ಮೇಲೆ ಇರುತ್ತಿದ್ದವು. ಮನಸ್ಸು ಮಾತ್ರ ಮೆಲ್ಲಗೆ ಎದ್ದು ಕಿಟಕಿ ದಾಟಿ ಹೋಗಿಬಿಡುತ್ತಿತ್ತು. ಬೆರಳುಗಳು ಹಾಳೆಯನ್ನು ಬಿಟ್ಟು ಮನಸ್ಸಿನ ಹಿಂದೆ ಹೊರಟದ್ದು ಅವಳಿಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ.

ಒಮ್ಮೆ ಒಂದು ಬಾಡಿಗೆ ಕರಾರುಪತ್ರದಲ್ಲಿ, ನಲ್ಲಿ ರಿಪೇರಿಗೂ ಸುಣ್ಣಬಣ್ಣಕ್ಕೂ ನಡುವೆ, "ಕಿಟಕಿಯಿಂದ ಕಾಣುವ ಮೋಡಗಳಿಗೆ ಬಾಡಿಗೆದಾರರು ಹೊಣೆಯಲ್ಲ" ಎಂದು ಹೊಡೆದುಬಿಟ್ಟಿದ್ದಳು. ಮಾಲೀಕರೂ ಬಾಡಿಗೆದಾರರೂ ಓದದೆ ಸಹಿ ಹಾಕಿ ಹೋಗಿದ್ದರು. ನಕಲು ಪ್ರತಿ ನೋಡಿದ ಮಾವ ಅವತ್ತು ಕೂಗಾಡಲಿಲ್ಲ. "ಪುಟ್ಟಿ, ನಮಗೆ ದುಡ್ಡು ಕೊಡೋದು ಇದ್ದದ್ದನ್ನ ಇದ್ದ ಹಾಗೆ ಹೊಡಿಯೋಕೆ. ಇನ್ನೊಂದು ಸಲ ಹೀಗಾದ್ರೆ ಆ ಮಿಷನ್ನಿಗೆ ಬೇರೆಯವರನ್ನ ಹುಡುಕ್ತೀನಿ," ಎಂದಷ್ಟೇ ಅಂದಿದ್ದ. ಮಾವ ಮೆತ್ತಗೆ ಹೇಳಿದ ಮಾತನ್ನು ಮಾಡಿಯೇ ತೀರುವ ಪೈಕಿ.

ಈಗ ಚಪ್ಪಲಿ ಅಂಗಡಿಯಾತ ಆ ಪ್ಯಾರಾವನ್ನು ತಾನೇ ಓದಿ ಹೇಳತೊಡಗಿದ. ಕತೆ ರೈಲು ನಿಲ್ದಾಣದಲ್ಲಿ ತಮ್ಮನಿಗಾಗಿ ಕಾಯುವ ಒಬ್ಬನದು. ರೈಲು ತಡವಾಗುತ್ತದೆ. ಅಲ್ಲಿಯವರೆಗೂ ಚಪ್ಪಲಿ ಅಂಗಡಿಯಾತನ ಕತೆ. ಆಮೇಲೆ ಆ ಮನುಷ್ಯ ಬೂಟು ಬಿಚ್ಚಿ ಬೆಂಚಿನ ಕೆಳಗೆ ತಳ್ಳಿ, ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಾ ಪ್ಲಾಟ್‌ಫಾರಂ ಮುಗಿಯುವ ತನಕ ಹೋಗುತ್ತಾನೆ. ತಿರುಗಿ ಬಂದು ನೋಡಿದರೆ ಪ್ರತಿಯೊಂದು ಬೆಂಚಿನ ಕೆಳಗೂ ಒಂದೊಂದು ಜೊತೆ ಬೂಟು. ತನ್ನದು ಯಾವುದೋ ಅವನಿಗೆ ತಿಳಿಯುವುದಿಲ್ಲ. ಅಷ್ಟಾದಮೇಲೆ ರೈಲು ಬರುತ್ತದೆ. ಅದು ಮತ್ತೆ ಚಪ್ಪಲಿ ಅಂಗಡಿಯಾತನದು.

"ಮನೇಲಿ ನನ್ನ ಕೈಬರಹ ತೆಗೆದು ನೋಡ್ದೆ. ಅದರಲ್ಲಿಲ್ಲ," ಎಂದ ಅವನು. "ನಿದ್ದೇಲಿ ಬರೆದ್ನೇನೋ ಅಂತ ಒಂದು ದಿನ ಸುಮ್ಮನಿದ್ದೆ."

ಅವನು ಎದುರು ಸಾಲಿನ ಚಪ್ಪಲಿ ಅಂಗಡಿಯಲ್ಲಿ ಮಾರಾಟಕ್ಕಿದ್ದವನು. ಮಾಲೀಕ ಕೊಡುವ ರಜೆಯ ದಿನಗಳಲ್ಲಿ ಕತೆ ಬರೆಯುತ್ತಿದ್ದ. ಬರೆದದ್ದನ್ನು ತಂದು ಟೈಪ್ ಮಾಡಿಸಿ, ಹಾಳೆಗಳನ್ನು ಓದದೆ ಇಲ್ಲಿಯೇ ಲಕೋಟೆಗೆ ಹಾಕಿ, ಇವಳ ಮೇಜಿನ ಮೇಲಿನ ಅಂಟಿನಿಂದಲೇ ಅಂಟಿಸಿ ಒಯ್ಯುತ್ತಿದ್ದ. ಯಾಕೆ ಓದುವುದಿಲ್ಲ ಎಂದರೆ, "ಓದಿದ್ರೆ ತಿದ್ದಬೇಕು ಅನ್ಸುತ್ತೆ. ತಿದ್ದಿದ್ರೆ ನಿಮ್ಮ ಮಾವ ಮತ್ತೆ ಪುಟಕ್ಕೆ ಇಷ್ಟು ಅಂತಾರೆ," ಎನ್ನುತ್ತಿದ್ದ. ಕತೆ ಒಂದಲ್ಲ ಒಂದು ದಿನ ದುಡ್ಡು ತರುತ್ತದೆ, ಆಗ ಇಷ್ಟು ವರ್ಷ ಟೈಪಿಂಗಿಗೆ ಸುರಿದದ್ದೆಲ್ಲ ಬಡ್ಡಿ ಸಮೇತ ವಾಪಸು ಬರುತ್ತದೆ ಎಂದು ನಂಬಿದ್ದ. ಇವಳೂ ಅದನ್ನೇ ನಂಬಿದ್ದಳು. ಇವಳ ಸ್ವಂತ ಕತೆಗಳು ಅದೇ ವಾರಪತ್ರಿಕೆಗೆ ಹೋಗಿ ಹೋಗಿ, ಹೋದ ದಾರಿಯಲ್ಲೇ ತಿರುಗಿ ಬಂದಿದ್ದವು. ಅದು ಅವನಿಗೆ ಗೊತ್ತಿರಲಿಲ್ಲ.

"ನಾನೇ ಅಣ್ಣ," ಎಂದಳು ಕೊನೆಗೆ. "ಬೇಕು ಅಂತ ಮಾಡಿದ್ದಲ್ಲ. ಮನಸ್ಸು ಎಲ್ಲೋ ಇತ್ತು. ಬೈದುಬಿಡಿ. ಮಾವನಿಗೆ ಮಾತ್ರ ಹೇಳಬೇಡಿ."

ಅವನು ಬೆಂಚಿನ ಮೇಲೆ ಕೂತ. ತನ್ನ ಕೈಗಳನ್ನು ನೋಡಿಕೊಂಡ.

"ಬೆಳಗಿಂದ ಸಂಜೆವರೆಗೆ ಕಂಡವರ ಕಾಲು ಹಿಡಿಯೋನು ನಾನು. ಇಷ್ಟು ವರ್ಷದಲ್ಲಿ ನನ್ನ ಒಂದು ಕತೇಲೂ ಒಂದು ಜೊತೆ ಬೂಟು ಬಂದಿಲ್ಲ ನೋಡು. ಸಂಪಾದಕರು ಬರೆದಿದಾರೆ, ಬೂಟಿನ ಜಾಗದಲ್ಲಿ ಕತೆ ಎದ್ದು ನಿಂತಿದೆ, ಇನ್ನೊಂದು ಕಳಿಸಿ ಅಂತ. ಚೆಕ್ಕು ಬಂದಿದೆ. ನನ್ನ ಹೆಂಡ್ತಿಗೆ ಓದಿ ಹೇಳ್ದೆ. ನನ್ನ ಕತೆ ಅಂದ್ರೆ ಅವಳು ಪಾತ್ರೆ ತೊಳೀತಾನೇ ಹೂಂ ಹೂಂ ಅನ್ನೋಳು. ಈ ಪ್ಯಾರಾ ಬಂದಾಗ ನಲ್ಲಿ ನಿಲ್ಲಿಸಿದ್ಲು. ನಿಲ್ಲಿಸಿ, 'ಇದು ಯಾರು ಬರೆದಿದ್ದು' ಅಂದ್ಲು."

ಇವಳಿಗೆ ಅವನನ್ನು ನೋಡಿ ಅಯ್ಯೋ ಪಾಪ ಎನ್ನಿಸಿತು. ಗುರುತಿಲ್ಲದ ಯಾರೋ ಒಬ್ಬಳು ತನ್ನ ಪ್ಯಾರಾ ಕೇಳುವುದಕ್ಕೆ ನಲ್ಲಿ ನಿಲ್ಲಿಸಿದಳಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಆ ಖುಷಿಗೆ ನಾಚಿಕೆಯಾಗಿ ತಲೆ ತಗ್ಗಿಸಿದಳು.

ಅವನು ಜೇಬಿನಿಂದ ಒಂದು ಲಕೋಟೆ ತೆಗೆದು ಅಂಟಿನ ಡಬ್ಬಿಯ ಪಕ್ಕದಲ್ಲಿಟ್ಟ. "ಚೆಕ್ಕಲ್ಲಿ ಬಂದಿದ್ದರ ಅರ್ಧ. ತಂಗಿ, ಒಂದು ಮಾತು ಹೇಳ್ತೀನಿ, ತಪ್ಪು ತಿಳಿಬೇಡ. ನಾಳೆ ಇನ್ನೊಂದು ಕತೆ ತರ್ತೀನಿ. ಅದರಲ್ಲೂ ಎಲ್ಲಾದ್ರೂ ಒಂದು ಕಡೆ ಹೀಗೆ... ನಿನ್ನ ಮನಸ್ಸು ಹೋದ ಹಾಗೆ ಹೋಗಲಿ. ಅದಕ್ಕೂ ಅರ್ಧ ನಿಂದು. ಹೆಸರು ಮಾತ್ರ ನಂದಿರಲಿ. ನನಗೆ ಇರೋದು ಅದೊಂದೇ ಆಸೆ."

ಅವಳು ಹೂಂ ಅಂದುಬಿಟ್ಟಳು. ಬರವಣಿಗೆಗೆ ದುಡ್ಡು ಬರುತ್ತದೆ ಎನ್ನುವುದು ಅವಳ ಪಾಲಿಗೆ ಈ ತನಕ ಬೇರೆಯವರ ಬಾಯಿಂದ ಕೇಳಿದ ಸುದ್ದಿ. ಈಗ ಅದು ಲಕೋಟೆಯಲ್ಲಿ ಕೂತು ಮುಂದಿತ್ತು. ಬೇಡ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಆದರೆ ಅವನು ಹೋದಮೇಲೆ ಪತ್ರಿಕೆ ತೆರೆದು ಬೂಟಿನ ಪ್ಯಾರಾವನ್ನು ಅಚ್ಚಿನಲ್ಲಿ ನೋಡಿದಳು, ಮೇಲೆ ಅವನ ಹೆಸರನ್ನೂ ನೋಡಿದಳು. ಆದದ್ದು ಹೊಟ್ಟೆಕಿಚ್ಚೇ, ಬೇರೆ ಹೆಸರಿಡುವುದು ಬೇಡ.

ಮಾರನೆಯ ದಿನ ಅವನು ಚಪ್ಪಲಿ ಅಂಗಡಿ ತೆರೆಯುವ ಮುಂಚೆಯೇ ಬಂದು ಹೊಸ ಕತೆ ಕೊಟ್ಟು ಹೋದ. ವರ್ಗವಾದ ಒಬ್ಬ ಪೋಸ್ಟ್‌ಮಾಸ್ಟರನ ಕತೆ. ಬೆಳಿಗ್ಗೆಯ ಅರ್ಜಿಗಳನ್ನೆಲ್ಲ ಮುಗಿಸಿ, ಊಟ ಮಾಡಿ, ಬಿಸಿಲು ಗೋಡೆಗೆ ತಿರುಗುವುದನ್ನೇ ಕಾದು, ಅವಳು ಹಾಳೆ ಏರಿಸಿದಳು. ಈಗ ಹೋಗು ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಹೋಯಿತು, ಹೋಗದೆ ಏನು. ಗೋಡೆಯ ಮೇಲಿನ ಬೆಳಕು ಮೆಲ್ಲನೆ ಬೀದಿಯಾಯಿತು, ಬೀದಿಯಲ್ಲಿ ಯಾರೋ ನಡೆದರು, ಮಹಡಿಯ ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಆದರೆ ಅಲ್ಲಿ ಪೋಸ್ಟ್‌ಮಾಸ್ಟರ್ ಇರಲಿಲ್ಲ. ಅವನನ್ನು ಕೈಹಿಡಿದು ಎಳೆದು ತಂದು ಆ ಬೀದಿಯಲ್ಲಿ ನಿಲ್ಲಿಸಿದರೂ ಅವನು ಮತ್ತೆ ತನ್ನ ಕುರ್ಚಿಗೇ ಹೋಗಿ ಕೂರುತ್ತಿದ್ದ. ಬೆರಳುಗಳು ಹಾಳೆಯಲ್ಲಿದ್ದದ್ದನ್ನು ಇದ್ದ ಹಾಗೆ ಹೊಡೆಯುತ್ತಾ ಹೋದವು.

ಸಂಜೆ ಮಾವ ಹಾಳೆಗಳನ್ನು ಮೂಲದ ಜೊತೆ ಇಟ್ಟು ನೋಡಿದ. ಮೋಡದ ಪ್ರಸಂಗವಾದಂದಿನಿಂದ ಆಗಾಗ ಹೀಗೆ ನೋಡುವುದಿತ್ತು. "ಒಂದೇ ಒಂದು ತಪ್ಪಿಲ್ಲ," ಎಂದು ಕನ್ನಡಕ ತೆಗೆದ. "ಪುಟ್ಟಿ, ಮೈಗೆ ಹುಷಾರಿದೆ ತಾನೆ?"

ಅಷ್ಟರಲ್ಲಿ ಚಪ್ಪಲಿ ಅಂಗಡಿಯಾತ ಬಂದ. ಹಾಳೆಗಳನ್ನು ತೆಗೆದುಕೊಂಡು, ಎಂದೂ ಇಲ್ಲದ್ದು, ನಿಂತಲ್ಲೇ ಓದತೊಡಗಿದ. ತುಟಿಗಳು ಅಲ್ಲಾಡುತ್ತಿದ್ದವು. ಕೊನೆಯ ಹಾಳೆ ಮುಗಿಸಿ, ಅದರ ಬೆನ್ನನ್ನೂ ತಿರುಗಿಸಿ ನೋಡಿದ.

"ಎಲ್ಲಿ?"

"ಬರಲಿಲ್ಲ ಅಣ್ಣ."

"ಏನು ಬರಲಿಲ್ಲ?" ಎಂದ ಮಾವ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಮೊದಲಿನಿಂದ ಎಲ್ಲ ಹೇಳಿದಳು: ಬೂಟು, ಚೆಕ್ಕು, ಅರ್ಧದ ಮಾತು. ಮಾವ ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ನೆಟ್ಟಗಾದ. "ಅಂದ್ರೆ ಮತ್ತೆ ಮೋಡ," ಎಂದ. "ನಾನು ಅವತ್ತೇ ಹೇಳಿದ್ದೆ."

"ಸ್ವಲ್ಪ ತಡೀರಿ ಯಜಮಾನ್ರೇ," ಎಂದ ಚಪ್ಪಲಿ ಅಂಗಡಿಯಾತ. ಅವನ ಮುಖ ಸಣ್ಣದಾಗಿತ್ತು. ಇವಳ ಕಡೆ ತಿರುಗಿದ. "ನಿನ್ನ ಮನಸ್ಸು ಹೋಗಲೇ ಇಲ್ವಾ?"

"ಹೋಯ್ತು."

"ಮತ್ತೆ? ಇಡೀ ಮಧ್ಯಾಹ್ನ ಏನು ನೋಡ್ತಾ ಇದ್ದೆ?"

ಅವಳು ಕಿಟಕಿಯ ಕಡೆ ನೋಡಿದಳು. ಬಿಸಿಲು ಹೋಗಿ ಗೋಡೆ ಬೂದಿ ಬಣ್ಣಕ್ಕೆ ಬಂದಿತ್ತು.

"ಮೇಲಿನ ಮನೇಲಿ ಒಬ್ಬಳು ಕಿಟಕಿ ಹತ್ರ ನಿಂತು ತಲೆ ಒಣಗಿಸ್ಕೊಳ್ತಾ ಇರ್ತಾಳೆ," ಎಂದು ಶುರು ಮಾಡಿದಳು. "ಕೆಳಗೆ ಬೀದೀಲಿ ಒಬ್ಬ ದೊಡ್ಡ ಕನ್ನಡಿ ಬೆನ್ನಿಗೆ ಕಟ್ಕೊಂಡು, ಬಗ್ಗಿ ನಡ್ಕೊಂಡು ಹೋಗ್ತಿರ್ತಾನೆ. ಬೀರುವಿಗೆ ಕೂರಿಸೋ ಕನ್ನಡಿ. ಅದರಲ್ಲಿ ಅವಳ ಕಿಟಕಿ ಕಾಣುತ್ತೆ, ಕಿಟಕೀಲಿ ಅವಳೂ ಕಾಣ್ತಾಳೆ. ಒದ್ದೆ ಕೂದಲು ಹಿಡ್ಕೊಂಡು ತಾನೇ ಬೀದೀಲಿ ಹೋಗ್ತಾ ಇರೋದನ್ನ ನೋಡ್ತಾಳೆ. ಕನ್ನಡಿಯವನು ಮೂಲೆ ತಿರುಗಿದ. ಕನ್ನಡೀಲಿದ್ದವಳೂ ತಿರುಗಿ ಹೋಗಿಬಿಟ್ಲು. ಕಿಟಕಿ ಹತ್ರ ನಿಂತೋಳಿಗೆ ಯಾಕೋ ಅಲ್ಲಿ ನಿಲ್ಲೋಕಾಗಲ್ಲ. ತಲೆ ಹಾಗೇ ಬಿಟ್ಕೊಂಡು ಕೆಳಗಿಳಿದು ಬರ್ತಾಳೆ. ಮೂಲೇಲಿ ಒಬ್ಬ ಅಂಗಡಿಯವನು. ಅವನನ್ನ ಕೇಳ್ತಾಳೆ, ನಾನು ಈ ಕಡೆ ಹೋಗಿದ್ದು ನೋಡಿದ್ರಾ ಅಂತ."

ಮಾವ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ.

"ಅವನು ತಲೆ ಎತ್ತಿ ನೋಡ್ತಾನೆ. 'ಹೂಂನಮ್ಮ, ಈಗ ತಾನೇ ಹೋದ್ರಿ,' ಅಂತಾನೆ."

ಮಹಡಿಗೆ ಯಾರೋ ಹತ್ತಿ ಹೋದ ಸದ್ದು ತಲೆಯ ಮೇಲಿಂದ ಹಾದುಹೋಯಿತು.

"ಆಮೇಲೆ?" ಎಂದ ಚಪ್ಪಲಿ ಅಂಗಡಿಯಾತ.

"ಗೊತ್ತಿಲ್ಲ. ಅಲ್ಲಿಗೆ ನಿಮ್ಮ ಪುಟ ಮುಗೀತು." ಅವಳು ಕಿಟಕಿಯಿಂದ ಅವನ ಕಡೆ ತಿರುಗಿದಳು. "ಪೋಸ್ಟ್‌ಮಾಸ್ಟರನ್ನ ಅಲ್ಲಿಗೆ ತರೋಕೆ ಬಹಳ ನೋಡ್ದೆ ಅಣ್ಣ. ಇನ್ನೊಂದು ಸಲ ನೋಡ್ತೀನಿ. ಅವನನ್ನೇ ಆ ಮೂಲೆ ಅಂಗಡಿಯವನು ಅಂತ ಮಾಡಿದ್ರೆ..."

"ಬೇಡ," ಎಂದ ಅವನು. ಆಸೆ ಅವನ ಮುಖದಲ್ಲಿ ಒಂದು ಗಳಿಗೆ ಬಂದು ನಿಂತದ್ದು ಇಬ್ಬರಿಗೂ ಕಂಡಿತು. ಅವನು ಪೋಸ್ಟ್‌ಮಾಸ್ಟರನ ಹಾಳೆಗಳನ್ನು ಮಡಚಿ ಎದೆಗೆ ಒತ್ತಿಕೊಂಡ. "ಇದನ್ನ ನನ್ನ ಕತೇಲಿ ಹಾಕಬೇಡ."

ಅವಳು ಡ್ರಾಯರಿನಿಂದ ಲಕೋಟೆ ತೆಗೆದು ಅವನ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ.

"ಅದು ಬೂಟಿಂದು. ನೀನು ದುಡಿದಿದ್ದು," ಎಂದ. ನಂತರ ಬೆಂಚಿನ ತುದಿಗೆ ಹೋಗಿ ಕೂತು, ಮಾವನ ಹತ್ತಿರ ಪೆನ್ನು ಕೇಳಿ ಇಸಕೊಂಡು, ತನ್ನ ಮೊದಲನೆಯ ಹಾಳೆಯನ್ನು ಮತ್ತೆ ಓದತೊಡಗಿದ. ಸ್ವಲ್ಪ ಹೊತ್ತಿಗೆ ಒಂದು ಸಾಲು ಹೊಡೆದುಹಾಕಿದ.

ಅವಳು ಲಕೋಟೆಯನ್ನು ಕೈಯಲ್ಲಿ ಹಿಡಿದೇ ಮಾವನ ಮುಖ ನೋಡಿದಳು. ಆ ಮಿಷನ್ನಿನ ಮುಂದಿನ ಕುರ್ಚಿ ನಾಳೆಯೂ ತನ್ನದೇ ಹೌದೋ ಅಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಮಾವ ಎದ್ದು, ದೀಪ ಹಾಕಿ, ಬಾಗಿಲ ಹತ್ತಿರ ಹೋಗಿ ಬೀದಿಗೆ ಮುಖ ಮಾಡಿ ನಿಂತ. ಹಿಂದೆ ಹಾಳೆ ಏರಿಸಿದ ಸದ್ದಾಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕೀಲಿ, ಇನ್ನೊಂದು ಕೀಲಿ, ಆಮೇಲೆ ಬಿಡುವಿಲ್ಲದ ಟಕಟಕ.

ಯಾರೋ ಒಬ್ಬ ಕೈಯಲ್ಲಿ ಅರ್ಜಿ ಹಿಡಿದು ಅವಸರದಿಂದ ಬಂದ.

"ಇವತ್ತಿನ ಟೈಪಿಂಗ್ ಮುಗೀತು. ನಾಳೆ ಬನ್ನಿ," ಎಂದ ಮಾವ.

ಬಂದವನು ಮಾವನ ಹೆಗಲಾಚೆಯಿಂದ ಬರುತ್ತಿದ್ದ ಸದ್ದನ್ನು ಕೇಳುತ್ತಾ ಸ್ವಲ್ಪ ಹೊತ್ತು ನಿಂತ. ಮಾವ ಬಾಗಿಲಿನಿಂದ ಕದಲಲಿಲ್ಲ.