ಪಕೀರಮ್ಮನ ಹೂಂ

ನನ್ನ ಬಾಯಿಗಿಷ್ಟು ಮಣ್ಣು ಹಾಕ. "ಅಜ್ಜಿಗೆ ಓದಿ ಹೇಳು, ಅವರು ಹೂಂ ಅನ್ನಲಿ" ಎಂದ ಬಾಯಿಯೂ ಇದೇ, "ನಡುವೆ ಹೂಂ ಬೇಡ" ಎಂದು ಗದರಿದ ಬಾಯಿಯೂ ಇದೇ.

ಮೂರನೇ ತರಗತಿಯ ಸಹನಾ ಜೂನ್‌ನಲ್ಲಿ ಒಂದು ಸಾಲು ಓದಲು ಬೆವರುತ್ತಿದ್ದಳು. ಅಕ್ಷರ ಗೊತ್ತಿತ್ತು, ಆದರೆ ಕೂಡಿಸುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ಅಪ್ಪ ಅವ್ವ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೂಲಿ. ಹುಡುಗಿ ಕುಕನೂರಿನ ಹತ್ತಿರದ ನಮ್ಮೂರಲ್ಲಿ ಅಜ್ಜಿ ಪಕೀರಮ್ಮನ ಜೊತೆ. ಒಂದು ದಿನ ಅಜ್ಜಿಯನ್ನು ಶಾಲೆಗೆ ಕರೆಸಿದೆ.

"ನಂದು ಹೆಬ್ಬೆಟ್ಟು ಐತ್ರಿ ಟೀಚರ್ರ, ಹೆಂಗ ಓದಿಸ್ಲಿ?" ಎಂದಳು.

"ನೀವು ಓದಿಸೋದು ಬ್ಯಾಡ್ರಿ ಯಮ್ಮಾ. ಆಕಿ ಒಂದು ಸಾಲು ಮುಗಿಸಿದ ಮ್ಯಾಲ ಹೂಂ ಅನ್ರಿ, ಸಾಕು."

"ಅಷ್ಟ ಏನು? ಅದು ಹುಟ್ಟಿದಾಗಿಂದ ಬರ್ತೈತಿ ತಗೋರಿ!"

ನಮ್ಮ ಕಡೆ ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕೇ ಬೇಕು. ಹೂಂ ಇಲ್ಲದಿದ್ದರೆ ಹೇಳುವವರ ಬಾಯಿ ಏಳುವುದಿಲ್ಲ. ದೀಪಾವಳಿಯ ಹೊತ್ತಿಗೆ ಸಹನಾ ಪುಟ ದಾಟಿಸುತ್ತಿದ್ದಳು. ತರಗತಿಯಲ್ಲೂ ಸಾಲು ಮುಗಿದ ಕೂಡಲೇ ತಲೆ ಎತ್ತಿ ನಮ್ಮ ಮುಖ ನೋಡುತ್ತಿದ್ದಳು, ಹೂಂ ಕೇಳುವ ತನಕ ಮುಂದೆ ಹೋಗುತ್ತಿರಲಿಲ್ಲ. ಹೀಗಾಗಿ ಮಕ್ಕಳೆಲ್ಲ ಹೂಂ ಅನ್ನತೊಡಗಿದರು. "ಕುರಿಮರಿ ತಾಯಿಯಿಂದ ತಪ್ಪಿಸಿಕೊಂಡಿತು." ಹೂಂ. "ಕತ್ತಲಾಯಿತು." ಹೂಂ, ಈ ಸಲ ಸಣ್ಣಗೆ, ಹೆದರಿಕೊಂಡು. ಅದನ್ನು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಜನವರಿಯಲ್ಲಿ ವಕ್ಕರಿಸಿತು ನೋಡಿ, ಇಲಾಖೆಯ ಹೊಸ ಪರೀಕ್ಷೆ, ಒಂದು ನಿಮಿಷದ ಓದು! ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ನಿಮಿಷಕ್ಕೆ ಎಷ್ಟು ಪದ ಓದಿತೆಂದು ಎಣಿಸಿ, ಮೊಬೈಲ್‌ನಲ್ಲಿ ತುಂಬಬೇಕು. ನಲವತ್ತೈದು ದಾಟಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಸಹನಾಳದು ಇಪ್ಪತ್ತೆರಡು. ಓದಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅರ್ಧ ನಿಮಿಷ ಹೂಂಗೆ ಕಾದಿದ್ದಳು, ಅಷ್ಟೇ.

"ನಿಮ್ಮ ಕ್ಲಾಸಿನ್ಯಾಗ ಆಕಿ ಒಬ್ಬಾಕಿನ ಕೆಂಪು ಅದಾಳ್ರಿ," ಎಂದರು ಹೆಡ್‌ಮಾಸ್ತರ ವಿರುಪಣ್ಣ. "ಮುಂದಿನ ವರ್ಷ ನಿಮ್ಮನ್ನ ತಗೋಬೇಕಂದ್ರ ನಾ ಏನಂತ ಬರೀಲಿ?"

ನಾನು ಅತಿಥಿ ಶಿಕ್ಷಕಿ. ಅವರ ಒಂದು ಮಾತಿನ ಮೇಲೆ ನನ್ನ ಕೆಲಸ. ಹುಡುಗಿ ಸರಿಯಾಗಿಯೇ ಓದುತ್ತಾಳೆ ಎಂದು ಹೇಳಬಹುದಿತ್ತು. "ಆಕಿನ್ನೂ ಹಸಿರು ಮಾಡ್ತೀನಿ ಬಿಡ್ರಿ ಸರ್," ಎಂದೆ.

ಮರುದಿನದಿಂದ ತರಗತಿಯಲ್ಲಿ ಹೂಂ ಬಂದ್. ಆದರೂ ಸಹನಾ ಸಾಲಿನ ಕೊನೆಗೆ ತಲೆ ಎತ್ತುತ್ತಿದ್ದಳು. ಎತ್ತಿದಾಗಲೆಲ್ಲ ನಾನು ಎಡ ಅಂಗೈಯನ್ನು ಅವಳ ಮುಖಕ್ಕೆ ಅಡ್ಡ ಹಿಡಿದು, ಬಲಗೈ ಬೆರಳಿಂದ ಮುಂದಿನ ಸಾಲು ತೋರಿಸುತ್ತಿದ್ದೆ. ಮೊದಲ ವಾರ ಅವಳ ಕಣ್ಣಲ್ಲಿ ನೀರು ಬಂತು. ಮೂರನೇ ವಾರ ತಲೆ ಎತ್ತುವುದನ್ನೇ ಬಿಟ್ಟಳು. ಅರವತ್ತೊಂದು ಪದ! ತಪಾಸಣೆಗೆ ಬಂದ ಸಾಹೇಬರು ಚಪ್ಪಾಳೆ ತಟ್ಟಿ ಫೋಟೊ ತೆಗೆಸಿಕೊಂಡರು. ಮುಂದಿನ ವರ್ಷವೂ ನೀವೇ ಬರ್ರಿ ಎಂದರು ವಿರುಪಣ್ಣ ಮಾಸ್ತರು. ನಾಚಿಕೆಗೆಟ್ಟವಳು, ಮನೆಯಲ್ಲಿ ಪಾಯಸ ಮಾಡಿದೆ.

ಮಾರ್ಚ್‌ನಲ್ಲಿ ಸಂತೆಯಿಂದ ಬರುತ್ತಿದ್ದ ಪಕೀರಮ್ಮ ನನ್ನನ್ನು ದಾರಿಯಲ್ಲೇ ನಿಲ್ಲಿಸಿದಳು.

"ಹುಡುಗಿಗಿ ಏನ್ ಮಾಡಿದ್ರಿ ಟೀಚರ್ರ? ಬಸ್ಸಿನ ಕಂಡಕ್ಟರ್ ಊರು ಒದರಿದಂಗ ಒದರ್ತಾಳ. ಆ ಕುರಿಮರಿ ಕಡೀಕ ಸಿಕ್ತೋ ಇಲ್ಲೋ, ನನಗೂ ತಿಳೀಲಿಲ್ಲ, ಆಕಿಗೂ ತಿಳೀಲಿಲ್ಲ. ಹೂಂ ಅನ್ನಾಕ ನನಗ ಜಾಗಾನ ಇಲ್ಲ."

ಆಗಲೇ ಆಕೆಯ ಹಿಂದೆ ಮನೆಗೆ ಹೋದೆ.

"ಇಲ್ಲಿ ಗಡಿಯಾರ ಇಲ್ಲವ್ವ ಸಹನಾ, ನಿಧಾನಕ ಓದು," ಎಂದೆ. ಅವಳು ಕುರಿಮರಿಯ ಪಾಠವನ್ನೇ ತೆಗೆದಳು. ಪಕೀರಮ್ಮ ಸಂತೆಯ ಚೀಲವನ್ನು ಮೂಲೆಗಿಟ್ಟು, ಸೆರಗು ಸರಿಮಾಡಿಕೊಂಡು ಎದುರಿಗೆ ಕುಳಿತಳು. ಮೊದಲ ಸಾಲಿಗೆ ಆಕೆ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಮೂರನೆಯದರಲ್ಲಿದ್ದಳು. ಆಕೆ ತೆರೆದ ಬಾಯನ್ನು ಮುಚ್ಚಿಕೊಂಡಳು. ನನ್ನಿಂದ ತಡೆಯಲಾಗಲಿಲ್ಲ.

"ಹೂಂ," ಎಂದೆ, ಜೋರಾಗಿಯೇ.

ಪುಸ್ತಕದಿಂದ ಕಣ್ಣು ಕೀಳದೆ ಸಹನಾ ತನ್ನ ಎಡ ಅಂಗೈಯನ್ನು ನನ್ನ ಮುಖಕ್ಕೆ ಅಡ್ಡ ಹಿಡಿದಳು. ಬಲಗೈ ಬೆರಳು ಮುಂದಿನ ಸಾಲಿಗೆ ಓಡಿತು. ಪಕೀರಮ್ಮ ಎದ್ದು ಒಲೆಯ ಕಡೆ ಹೋದಳು. ಹುಡುಗಿ ಅದನ್ನೂ ನೋಡಲಿಲ್ಲ. ಪುಟ ಮುಗಿಸಿ, ಏದುಸಿರು ಬಿಡುತ್ತ, ಮೊದಲ ಸಲ ತಲೆ ಎತ್ತಿ ಕೇಳಿದಳು:

"ಎಷ್ಟಾದ್ವುರಿ ಟೀಚರ್?"