ಏಳನೇ ಸಾಲಿನಲ್ಲಿ ಸಾಯದ ಎಯ್ನೊ

ಎಯ್ನೊ ಲಹ್ತಿನೆನ್ ಸತ್ತು ಒಂಬತ್ತು ವರ್ಷವಾಗಿತ್ತು. ಆದರೆ ಹೆಮ್ಲಾಕ್ ಬೇ ಊರಿನ ಐಸ್-ಹಾಕಿ ಕ್ಲಬ್ಬಿನ ಸೀಟುದಾರರ ಪಟ್ಟಿಯಲ್ಲಿ ಮನುಷ್ಯ ಗುಂಡುಕಲ್ಲಿನಂತೆ ಇದ್ದ. ಏಳನೇ ಸಾಲಿನ ಹನ್ನೊಂದು, ಹನ್ನೆರಡನೇ ಸೀಟು ಇವತ್ತಿಗೂ ಅವನ ಹೆಸರಿನಲ್ಲೇ. ಪ್ರತಿ ಆಗಸ್ಟ್ ತಿಂಗಳು ಕ್ಲಬ್ಬಿನಿಂದ ಸೀಟು ಮುಂದುವರಿಸುವ ಕಾಗದ ಬಂದಾಗ ಮಗಳು ಲೆಂಪಿ ಅಡುಗೆಮನೆಯ ಮೇಜಿನ ಮುಂದೆ ಕೂತು, ನಾಲಿಗೆ ಕಚ್ಚಿಕೊಂಡು, ಅಪ್ಪನ ಸೊಟ್ಟ ಸಹಿ ಹಾಕಿ ಕಳಿಸುತ್ತಿದ್ದಳು. ಅರವತ್ತಾರು ವರ್ಷದ ಆ ಹೆಂಗಸು ಜನ್ಮದಲ್ಲಿ ಹೇಳಿದ ದೊಡ್ಡ ಸುಳ್ಳೆಂದರೆ ಇದೊಂದೇ.

ಹೇಳದೆ ಇನ್ನೇನು ಮಾಡಿಯಾಳು? ಸೀಟಿನವರು ಸತ್ತರೆ ಅದು ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಮಾತ್ರ ಹೋಗುತ್ತದೆ. ಇಲ್ಲವಾದರೆ ಸೀಟಿಗಾಗಿ ಸರದಿಯಲ್ಲಿ ಕಾಯುತ್ತಿರುವವರಿಗೆ. ಅಮ್ಮ ಮೊದಲೇ ಹೋಗಿದ್ದಳು. ಆ ಊರಿನವರು ಮಗುವಿಗೆ ಚರ್ಚಿನಲ್ಲಿ ಹೆಸರಿಟ್ಟು, ತಲೆಯ ನೀರು ಆರುವ ಮೊದಲೇ ಕ್ಲಬ್ಬಿಗೆ ಓಡಿ ಸರದಿ ಪಟ್ಟಿಯಲ್ಲೂ ಹೆಸರು ಬರೆಸುತ್ತಾರೆ. ಎಲ್ಲರ ಮಕ್ಕಳ ಹೆಸರೂ ಅಲ್ಲಿತ್ತು, ಲಹ್ತಿನೆನ್ ಮಕ್ಕಳದ್ದೊಂದು ಬಿಟ್ಟು. "ನಮಗ್ಯಾಕೆ ಸರದಿ? ನಾನೇನು ಸಾಯ್ತೀನಾ?" ಅಂದಿದ್ದನಂತೆ ಎಯ್ನೊ. ಆ ಜಂಬಕ್ಕೆ ಏನು ಹೇಳೋಣ.

ಆ ಸೀಟುಗಳ ಮುಂದೆಯೇ ಗಾಜಿನ ಗೂಡು, ನೋಡಲು ಆ ಊರಿನವರ ಹಬೆಸ್ನಾನದ ಕೋಣೆ ಸೌನಾದ ಹಾಗೆ. ತಪ್ಪಾಟವಾಡಿದವನನ್ನು ಎರಡು ನಿಮಿಷ ಅದರೊಳಗೆ ಕೂರಿಸುತ್ತಾರೆ. ಯಾರನ್ನೇ ಕೂರಿಸಲಿ, ಎಯ್ನೊ ಎದ್ದು ನಿಂತು, ಬಂದರಿನ ಹಡಗಿಗೂ ಕೇಳಿಸುವಂತೆ, "ಹೋಗಪ್ಪ ಸೌನಾಗೆ, ಬೆವರಿಳಿಸ್ಕೊಂಡು ಬಾ" ಎಂದು ಕೂಗುತ್ತಿದ್ದ. ಮೂರು ಸಾವಿರ ಜನ ಅದಕ್ಕಾಗಿಯೇ ಕಾಯುತ್ತಿದ್ದರು. ಅವನು ಹೋದ ಮೇಲೆ ಆ ಕೂಗು ನಿಂತುಹೋಯಿತು. ಲೆಂಪಿ ಅಪ್ಪನ ಸೀಟಿನಲ್ಲಿ ಕೂರುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಸಿಕ್ಕಿಬಿದ್ದರೆ ಎಂಬ ಭಯ.

ಭಯಕ್ಕೆ ಕಾರಣವೂ ಇತ್ತು. ಸೀಟಿಲ್ಲದವರ ಜೊತೆ ಮೇಲುಗಡೆ ಕಟಕಟೆಗೆ ಒರಗಿ ನಿಂತು ಆಟ ನೋಡುವ ಹಿಲ್ಯಾ ನಿಯೆಮಿ, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಪ್ರತಿ ಪಂದ್ಯದಲ್ಲೂ ಕೇಳುತ್ತಿದ್ದಳು: "ಏನೇ ಲೆಂಪಿ, ಅಪ್ಪ ಹೇಗಿದ್ದಾರೆ?"

"ಇದಾರೆ. ಸ್ವಲ್ಪ ಮಂಡಿ ನೋವು."

ಎಯ್ನೊನ ಮಣ್ಣಿಗೆ ಎರಡು ತಟ್ಟೆ ಏಲಕ್ಕಿ ಬ್ರೆಡ್ಡು ಹೊತ್ತು ತಂದಿದ್ದವಳೇ ಈ ಹಿಲ್ಯಾ. ಬೇಕಂತಲೇ ಚುಚ್ಚುತ್ತಾಳೆ ಎಂದು ಲೆಂಪಿ ಹಲ್ಲು ಕಡಿಯುತ್ತಿದ್ದಳು.

ಹೀಗಿರುವಾಗ ಕ್ಲಬ್ಬಿನ ಹೊಸ ಮ್ಯಾನೇಜರನಿಂದ ಕಾಗದ ಬಂತು. ಡುಪ್ರೀ ಎಂಬ ಟೆಕ್ಸಾಸಿನವನು, ಊರಿಗೆ ಬಂದು ನಾಲ್ಕು ತಿಂಗಳು. ಮಾನ್ಯ ಎಯ್ನೊ ಅವರು ಸೀಟು ಹಿಡಿದು ಇದು ಐವತ್ತನೇ ವರ್ಷ, ತೊಂಬತ್ತೇಳರ ಈ ಹಿರಿಯರು ಶನಿವಾರ ಮಧ್ಯಾಹ್ನದ ಪಂದ್ಯದಲ್ಲಿ ಆಟ ಶುರುವಾಗಲು ಮೊದಲ ರಬ್ಬರ್ ಬಿಲ್ಲೆ ಹಾಕಿಕೊಡಬೇಕು, ತಾನೇ ಬಾಗಿಲಲ್ಲಿ ಕಾಯುತ್ತಿರುತ್ತೇನೆ ಎಂದು ಬರೆದಿದ್ದ.

ಲೆಂಪಿ ತಲೆಯ ಮೇಲೆ ಕೈ ಹೊತ್ತು ಕೂತಳು. ತಮ್ಮ ವೇಯ್ಕೊ ಮಾತ್ರ ಕಾಗದ ಓದಿ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕ.

"ನಗ್ಬೇಡ ಕಣೋ. ಅಪ್ಪಂಗೆ ಹುಷಾರಿಲ್ಲ ಅಂತ ಹೇಳಿಬಿಡೋಣ."

"ಹೇಳಿದ್ರೆ ಹೂವು ಹಣ್ಣು ಹಿಡ್ಕೊಂಡು ಮನೆಗೇ ಬರ್ತಾನೆ ಆ ಪುಣ್ಯಾತ್ಮ. ಅದಕ್ಕಿಂತ ಅಪ್ಪನ್ನೇ ಕರ್ಕೊಂಡು ಹೋಗೋಣ ಅಕ್ಕ."

"ಎಲ್ಲಿಂದ?"

ವೇಯ್ಕೊ ಎದ್ದು ಹೋಗಿ ಅಪ್ಪನ ಕಿವಿಮುಚ್ಚುವ ತುಪ್ಪಳದ ಟೋಪಿ ಹಾಕಿಕೊಂಡು, ಸೊಂಟ ಬಗ್ಗಿಸಿ, ಕೆಳತುಟಿ ಜೋಲು ಬಿಟ್ಟು ಬಂದ. ಲೆಂಪಿ ಬಯ್ಯಬೇಕೆಂದು ಬಾಯಿ ತೆರೆದವಳು ನಗು ತಡೆಯಲಾರದೆ ಸಿಂಕಿಗೆ ಒರಗಿದಳು. ಅಷ್ಟೊಂದು ಹೋಲಿಕೆ.

"ಗಾಲಿಕುರ್ಚಿ ಚರ್ಚಿನಲ್ಲಿದೆ," ಎಂದ ಆ ಪೋಲಿ.

ಶನಿವಾರ ಮಂಜುಗಡ್ಡೆಯ ಮೇಲೆ ಕೆಂಪು ಜಮಖಾನೆ ಹಾಸಿದ್ದರು. ಟೋಪಿ, ಕಪ್ಪು ಕನ್ನಡಕ, ಗಲ್ಲದವರೆಗೆ ಕಂಬಳಿ. ವೇಯ್ಕೊನ ಮೂಗಿನ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಲೆಂಪಿ ಗಾಲಿಕುರ್ಚಿ ತಳ್ಳುತ್ತಾ ಬಂದಳು. "ಐವತ್ತು ವರ್ಷದ ಅಭಿಮಾನಿ, ತೊಂಬತ್ತೇಳರ ತರುಣ, ಎಯ್ನೊ ಲಹ್ತಿನೆನ್" ಎಂದು ಧ್ವನಿವರ್ಧಕ ಕೂಗಿತು.

ಮೂರು ಸಾವಿರ ಜನ ಎದ್ದು ನಿಂತರು. ಲೆಂಪಿ ಕಣ್ಣೆತ್ತಿ ನೋಡಿದಳು. ಅಪ್ಪನ ಶವಪೆಟ್ಟಿಗೆಯ ಮುಂದೆ ಪ್ರಾರ್ಥನೆ ಹೇಳಿದ್ದ ಪಾದ್ರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಆರೂ ಜನ ಏಳನೇ ಸಾಲಿನಲ್ಲಿ ಕರವಸ್ತ್ರ ಬೀಸುತ್ತಿದ್ದರು, ಇಬ್ಬರಂತೂ ಅದನ್ನು ಬಾಯಿಗೇ ತುರುಕಿಕೊಂಡಿದ್ದರು. ಅಯ್ಯೋ ದೇವರೇ, ಸೀಟಿನ ಸುಳ್ಳು ಎಲ್ಲರಿಗೂ ಗೊತ್ತಿದೆ. ಒಂಬತ್ತು ವರ್ಷದಿಂದ ಊರಿಗೆ ಊರೇ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡಿದೆ. ಗೊತ್ತಿಲ್ಲದವನೆಂದರೆ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಡುಪ್ರೀ ಒಬ್ಬನೇ.

ವೇಯ್ಕೊ ನಡುಗುವ ಕೈಯಿಂದ ಬಿಲ್ಲೆ ಹಾಕಿದ. ನಡುಕ ನಟನೆಯಲ್ಲ, ನಗುವಿನದು. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಜನ "ಸೌನಾ, ಸೌನಾ" ಎಂದು ಕಾಲು ಕುಟ್ಟತೊಡಗಿದರು, ಡುಪ್ರೀ ಮೈಕನ್ನು ಕಂಬಳಿಯ ಹತ್ತಿರ ಹಿಡಿದ. ವೇಯ್ಕೊನದು ಸಣ್ಣ ಕೀರಲು ದನಿ. ಅವನು ಅಕ್ಕನ ಮುಖ ನೋಡಿದ.

ಲೆಂಪಿ ಮೈಕು ತೆಗೆದುಕೊಂಡಳು. ಅಪ್ಪನಿಗೆ ಗಂಟಲು ಕೆಟ್ಟಿದೆ ಎಂದು ಹೇಳಲು ಹೊರಟವಳಿಗೆ ಆ ಮಾತು ಬರಲೇ ಇಲ್ಲ. ಇಷ್ಟು ಜನ ಅಪ್ಪನಿಗಾಗಿ ಎದ್ದು ನಿಂತಿದ್ದಾರೆ, ಅವನಿಲ್ಲ. ಅವನಿಲ್ಲವೆಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

"ನಮ್ಮಪ್ಪ ತೀರ್ಕೊಂಡು ಒಂಬತ್ತು ವರ್ಷ ಆಯ್ತು," ಎಂದಳು.

ಡುಪ್ರೀ ಗಾಲಿಕುರ್ಚಿಯ ಕಡೆ ನೋಡಿದ. "ಮತ್ತೆ ಇವರು?"

"ನನ್ ತಮ್ಮ. ಟೋಪಿ ಮಾತ್ರ ಅಪ್ಪಂದು."

"ಒಂಬತ್ತು ವರ್ಷ ಯಾರಿಗೂ ಗೊತ್ತೇ ಆಗ್ಲಿಲ್ವಾ ಮೇಡಂ?"

"ನಾವೆಲ್ಲ ಮಣ್ಣಿಗೆ ಹೋಗಿದ್ವಲ್ಲ ಸ್ವಾಮಿ," ಎಂದು ಏಳನೇ ಸಾಲಿನಿಂದ ಯಾರೋ ಕೂಗಿದರು. ಆಮೇಲಿನ ನಗುವಿಗೆ ಕೆಳಗಿನ ಮಂಜುಗಡ್ಡೆ ಒಡೆಯದಿದ್ದುದೇ ಹೆಚ್ಚು. ಆಟಗಾರರು ಕೋಲು ಊರಿಕೊಂಡು ನಕ್ಕರು. ಲೆಂಪಿ ಅಳುತ್ತಾ ನಕ್ಕಳು. ಡುಪ್ರೀಯೂ ಕೊನೆಗೆ ತಡೆಯಲಾರದೆ ನಕ್ಕ, ಆದರೂ ನಿಯಮ ನಿಯಮವೇ. ಸೋಮವಾರ ಸೀಟು ಹೋಯಿತು.

ಡುಪ್ರೀ ಕಚೇರಿಯಲ್ಲಿ ಲೆಂಪಿಯ ಮುಂದೆಯೇ ಸರದಿ ಪಟ್ಟಿ ತೆರೆದು ಮೊದಲ ಹೆಸರು ಓದಿದ: ಹಿಲ್ಯಾ ನಿಯೆಮಿ. ಪಟ್ಟಿಯ ನೆತ್ತಿಯಲ್ಲಿ ಆಕೆ ಕೂತೂ ಒಂಬತ್ತು ವರ್ಷವಾಗಿತ್ತು, ಅಷ್ಟರಲ್ಲಿ ಬೇರೆ ಜೋಡಿ ಸೀಟು ಖಾಲಿಯಾಗಿರಲಿಲ್ಲ.

ಲೆಂಪಿ ನೇರ ಹಿಲ್ಯಾಳ ಮನೆಗೆ ಹೋದಳು. "ನಿಂಗೆ ಗೊತ್ತಿತ್ತಾ, ಮುಂದಿನ ಸರದಿ ನಿಂದೇ ಅಂತ?"

"ಗೊತ್ತಿಲ್ದೆ ಏನು. ವರ್ಷಾ ವರ್ಷಾ ಹೋಗಿ ನೋಡ್ಕೊಂಡು ಬರ್ತಿದ್ನಲ್ಲ."

"ಒಂದು ಮಾತು ಹೇಳಿದ್ರೆ ಸೀಟು ನಿಂದಾಗ್ತಿತ್ತು. ಒಂಬತ್ತು ವರ್ಷ ಯಾಕೆ ನಿಂತ್ಕೊಂಡಿದ್ದೆ ಮಾರಾಯ್ತಿ?"

ಹಿಲ್ಯಾ ಕಾಫಿ ಬಗ್ಗಿಸುತ್ತಿದ್ದಳು. "ಹೇಳಿದ್ರೆ ನಿಮ್ಮಪ್ಪ ಸಾಯ್ತಿದ್ರಲ್ಲೇ," ಎಂದಳು. "ಮಂಡಿ ನೋವು ಅಂತಿದ್ಯಲ್ಲ, ಅದನ್ನ ಕೇಳೋಕೆ ನಂಗೂ ಇಷ್ಟ ಆಗ್ತಿತ್ತು. ಬಾ, ಪಕ್ಕದ ಸೀಟಲ್ಲಿ ಕೂತ್ಕೋ."

"ಬೇಡ. ಅಲ್ಲಿ ಆರ್ವೊನ ಕೂರಿಸ್ಕೋ. ಗಂಡ ಅಂತ ಇರೋದು ಯಾಕೆ?" ಎಂದಳು ಲೆಂಪಿ, ಮೂಗು ಒರೆಸಿಕೊಳ್ಳುತ್ತಾ. ಆಗಲೇ ಅವಳು ಕಚೇರಿಯಲ್ಲಿ ಸರದಿಯ ಫಾರಂ ತುಂಬಿ, ಕ್ಲಬ್ಬಿನ ಕಾಗದದ ಮೇಲೆ ಮೊದಲ ಬಾರಿಗೆ ತನ್ನದೇ ಸಹಿ ಹಾಕಿ ಬಂದಿದ್ದಳು. ನಿಮಗೆ ತೊಂಬತ್ತೇಳು ವರ್ಷ ತುಂಬುವ ಹೊತ್ತಿಗೆ ಸೀಟು ಸಿಗಬಹುದು ಎಂದಿದ್ದ ಡುಪ್ರೀ. ಬರುತ್ತೇನೆ ಎಂದಿದ್ದಳು.

ಮುಂದಿನ ಶನಿವಾರ ಅಕ್ಕ ತಮ್ಮ ಇಬ್ಬರೂ ಮೇಲೆ ಕಟಕಟೆಗೆ ಒರಗಿ ನಿಂತರು. ಹಿಲ್ಯಾಳ ಮೊಣಕೈ ತಾಗಿ ತಾಗಿ ಅಲ್ಲಿಯ ಬಣ್ಣ ಹೋಗಿತ್ತು. ಆಟದ ನಡುವೆ ಎದುರು ತಂಡದವನೊಬ್ಬ ಕೋಲು ಅಡ್ಡ ಹಾಕಿ ಊರಿನ ತಂಡದವನನ್ನು ಬೀಳಿಸಿದ, ಗೂಡಿಗೆ ಹೋದ. ಹನ್ನೊಂದನೇ ಸೀಟಿನಿಂದ ಹಿಲ್ಯಾ ಎದ್ದಳು. ಕೂಗಲಿಲ್ಲ. ಹಿಂದಕ್ಕೆ ತಿರುಗಿ, ಮೇಲೆ ನೋಡಿ, ಕೈ ಎತ್ತಿದಳು. ಸುತ್ತಲಿದ್ದವರೂ ತಿರುಗಿ ನೋಡಿದರು.

ಈಗ ಕಳೆದುಕೊಳ್ಳಲು ಏನಿತ್ತು? ಲೆಂಪಿ ಎರಡೂ ಕೈಯಲ್ಲಿ ಕಟಕಟೆ ಹಿಡಿದು, ಹೊಟ್ಟೆಯ ತಳದಿಂದ ಉಸಿರೆಳೆದುಕೊಂಡಳು.

"ಹೋಗಪ್ಪ ಸೌನಾಗೆ, ಬೆವರಿಳಿಸ್ಕೊಂಡು ಬಾ."

ಅಪ್ಪನದೇ ದನಿ. ವೇಯ್ಕೊ ಬೆಚ್ಚಿ ಟೋಪಿ ತೆಗೆದ. ಗೂಡಿನೊಳಗಿದ್ದವನು ಮೊದಲು ಏಳನೇ ಸಾಲಿನ ಕಡೆ, ಆಮೇಲೆ ಮೇಲಕ್ಕೆ, ಕೂಗಿದವರು ಯಾರೆಂದು ಹುಡುಕಿದ.